ಮನಸ್ಸು-ಮಿದುಳಿನ ನಡುವಿನ ಗೋಡೆ ಒಪ್ಪದ ವೈದ್ಯ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬಸ್ಸು ಹತ್ತಿ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬರುವ ಕುಟುಂಬಗಳನ್ನು ಕಾಡುವ ಪ್ರಶ್ನೆಯೊಂದಿದೆ: ಇದು ಮನಸ್ಸಿನ ಕಾಯಿಲೆಯೋ, ಮಿದುಳಿನ ಕಾಯಿಲೆಯೋ? ಮನಸ್ಸಿನದಾದರೆ ಧೈರ್ಯ ತಂದುಕೊಂಡರೆ ಸಾಕೆಂಬ ಉಪದೇಶ. ಮಿದುಳಿನದಾದರೆ ಮಾತ್ರೆ ನುಂಗಿದರೆ ಮುಗಿಯಿತೆಂಬ ನಂಬಿಕೆ. ಇವೆರಡರ ನಡುವೆ ರೋಗಿ ನಲುಗುತ್ತಾನೆ. ಇಂಥ ವಿಭಜನೆಯನ್ನು ಒಪ್ಪದೆ ದುಡಿದವರು ಡಾ. ಎಂ.ವಿ. ಗೋವಿಂದಸ್ವಾಮಿ.

ಮನಃಶಾಸ್ತ್ರ ಮತ್ತು ವೈದ್ಯಶಾಸ್ತ್ರ ಎರಡನ್ನೂ ಅಭ್ಯಾಸ ಮಾಡಿದ್ದ ಅವರು ಲಂಡನ್‌ನಲ್ಲಿ ತರಬೇತಿ ಪಡೆದರು. ವ್ಯಕ್ತಿಯ ದೇಹ, ಬದುಕು, ಪರಿಸರಗಳನ್ನು ಒಟ್ಟಾಗಿ ನೋಡಬೇಕೆಂದು ಪ್ರತಿಪಾದಿಸಿದ ಅಡಾಲ್ಫ್ ಮೇಯರ್ ಅವರಿಂದ ಅಮೆರಿಕದಲ್ಲಿ ಕಲಿತರು. 1930ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು. ಮನೋವೈದ್ಯರೂ ಮನಃಶಾಸ್ತ್ರಜ್ಞರೂ ಅಲ್ಲಿ ಒಂದೇ ಸೂರಿನಡಿ ತರಬೇತಿ ಪಡೆದರು.

ಅವರ ಕಾಲದ ಚಿಕಿತ್ಸೆಗಳೆಲ್ಲವೂ ಕಾಲದ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿಗೆ ಜಗತ್ತು 1949ರಲ್ಲಿ ನೊಬೆಲ್ ಪ್ರಶಸ್ತಿಯನ್ನೇ ನೀಡಿತ್ತು. 1940ರ ದಶಕದಲ್ಲಿ ಬೆಂಗಳೂರಿನಲ್ಲೂ ಅದು ನಡೆಯಿತು. ಅದರಿಂದಾದ ಹಾನಿಯನ್ನು ವೈದ್ಯಲೋಕ ಅರಿತದ್ದು ತಡವಾಗಿ. ಇದನ್ನು ಮುಚ್ಚಿಟ್ಟು ಅವರನ್ನು ಸ್ಮರಿಸುವುದು ನ್ಯಾಯವಲ್ಲ.

ವಿಪರ್ಯಾಸವೆಂದರೆ, ಅಂದು ಶಸ್ತ್ರಕ್ಕೆ ಗುರಿಯಾದ ಮುಂಭಾಗದ ಸಂಪರ್ಕಗಳೇ ಭಾವನೆಗಳನ್ನು ಹತೋಟಿಯಲ್ಲಿಡಲು ಬೇಕೆಂದು ಇಂದಿನ ನರವಿಜ್ಞಾನ ಹೇಳುತ್ತದೆ. ಭಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಪುಟ್ಟ ಭಾಗವನ್ನು ಸಂತೈಸುವಲ್ಲಿ ಮುಂಮಿದುಳಿನ ಪಾತ್ರವಿದೆ. ದೀರ್ಘಕಾಲದ ಒತ್ತಡದಿಂದ ಇಲಿಗಳ ಅಮಿಗ್ಡಲಾದಲ್ಲಿ ನರಕೋಶಗಳ ಕವಲುಗಳು ಹೆಚ್ಚುತ್ತವೆ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲಿ ಅವು ಕುಗ್ಗುತ್ತವೆ ಎಂಬುದನ್ನು 2002ರಲ್ಲಿ ತೋರಿಸಿಕೊಟ್ಟದ್ದು ಬೆಂಗಳೂರಿನದೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು. ಗೀಳುರೋಗಿಗಳಲ್ಲಿ ಔಷಧಿಯಂತೆಯೇ ವರ್ತನಾ ಚಿಕಿತ್ಸೆಯೂ ಮಿದುಳಿನ ಚಟುವಟಿಕೆಯನ್ನು ಬದಲಿಸಿದ್ದನ್ನು 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡಿತ್ತು. ಮಾತು ಬರಿಯ ಸಾಂತ್ವನವಲ್ಲ, ಅದೂ ಚಿಕಿತ್ಸೆಯೇ.

1961ರಲ್ಲಿ ತೀರಿಕೊಂಡ ಗೋವಿಂದಸ್ವಾಮಿ ಇದಾವುದನ್ನೂ ಕಾಣಲಿಲ್ಲ. 1974ರಲ್ಲಿ ಅವರ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಆ ಹೆಸರಿನಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಜೊತೆಯಾಗಿವೆ. ಆದರೆ ಮಾಗಡಿಯ ರೈತನಿಗೋ ಚನ್ನಪಟ್ಟಣದ ರೇಷ್ಮೆ ಕಾರ್ಮಿಕಳಿಗೋ ದಿನದ ಕೂಲಿ ಬಿಟ್ಟು, ಮತ್ತೆ ಮತ್ತೆ ರಾಜಧಾನಿಗೆ ಬಂದು ಮನೋಚಿಕಿತ್ಸೆ ಪಡೆಯುವುದು ಸುಲಭವಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆಯಷ್ಟೇ ಸಹಜವಾಗಿ, ನುರಿತವರೊಡನೆ ಕುಳಿತು ಮಾತನಾಡುವ ಅರ್ಧ ಗಂಟೆಯೂ ರೋಗಿಗೆ ದಕ್ಕಬೇಕು. ಗೋವಿಂದಸ್ವಾಮಿಯವರ ಸ್ಮರಣೆಗೆ ಅರ್ಥ ಬರುವುದು ಆಗಲೇ.