ಆಘಾತ ತರಂಗದ ಬೆನ್ನು ಹತ್ತಿದ ಧವನ್

ಬೆಂಗಳೂರು: 2020ರ ಮೇ 20ರ ಮಧ್ಯಾಹ್ನ ರಾಜಧಾನಿಯ ಕಿಟಕಿ ಗಾಜುಗಳನ್ನು ಅದುರಿಸಿದ ಸದ್ದನ್ನು ಹಲವರು ಭೂಕಂಪವೆಂದೇ ಭಾವಿಸಿದ್ದರು. ಮರುವರ್ಷ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನರನ್ನು ಬೀದಿಗಿಳಿಸಿದ್ದು ನಿಜಕ್ಕೂ ನೆಲದೊಳಗಿನ ಸದ್ದು, ಬೆಂಗಳೂರಿನದು ಆಕಾಶದ್ದು. ಪರೀಕ್ಷಾ ಹಾರಾಟದಲ್ಲಿದ್ದ ವಾಯುಪಡೆಯ ಶಬ್ದಾತೀತ ವಿಮಾನ ಅದಕ್ಕೆ ಕಾರಣವಾಗಿತ್ತು. ಅಂತಹ ಸದ್ದಿನ ಬೇರಾದ ಆಘಾತ ತರಂಗವನ್ನು ದಶಕಗಳ ಹಿಂದೆಯೇ ಈ ನಗರದ ಪ್ರಯೋಗಶಾಲೆಗೆ ತಂದವರು ಪ್ರೊ. ಸತೀಶ್ ಧವನ್.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದ ಧವನ್, ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗಣಿತ-ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಎಂಜಿನಿಯರಿಂಗ್ ಮೂರನ್ನೂ ಓದಿದರು. ಇಂದಿನ ವಿದ್ಯಾರ್ಥಿಗೆ ಊಹಿಸಲೂ ಕಷ್ಟವಾದ ಜೋಡಣೆ! ಬಳಿಕ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಹ್ಯಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗಿಳಿದರು.

ನೆಲಮಟ್ಟದಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,225 ಕಿ.ಮೀ. ವಿಮಾನ ಅದನ್ನು ಮೀರಿದಾಗ ತಾನೇ ಎಬ್ಬಿಸಿದ ಒತ್ತಡದ ಅಲೆಗಳನ್ನು ಹಿಂದಿಕ್ಕುತ್ತದೆ. ಅಲೆಗಳು ಒಂದರ ಮೇಲೊಂದು ಒತ್ತಿಕೊಂಡು ಶಂಕುವಿನಾಕಾರದ ಆಘಾತ ತರಂಗವಾಗುತ್ತವೆ. ಅದು ನೆಲ ಮುಟ್ಟಿದೆಡೆಯೆಲ್ಲ ಸಿಡಿಲಿನಂತಹ ಸದ್ದು. ವೇಗದ ಗಡಿ ದಾಟುವ ಕ್ಷಣದಲ್ಲಿ ಮಾತ್ರ ಸದ್ದಾಗುತ್ತದೆ ಎಂಬ ನಂಬಿಕೆ ತಪ್ಪು. ಶಬ್ದಾತೀತ ಹಾರಾಟದುದ್ದಕ್ಕೂ ಅದು ವಿಮಾನವನ್ನು ಹಿಂಬಾಲಿಸುತ್ತದೆ. ಎಂಜಿನ್ನಿನ ಆರ್ಭಟವೇ ಬೇರೆ. ಶಬ್ದಕ್ಕಿಂತ ವೇಗವಾಗಿ ನುಗ್ಗುವ ಬಿಸಿಗಾಳಿಯ ಒತ್ತಡ ಹೊರಗಿನದಕ್ಕೆ ಹೊಂದದಿದ್ದರೆ, ಅದರೊಳಗೇ ಆಘಾತ ತರಂಗಗಳ ಸರಣಿ ಮೂಡುತ್ತದೆ. ಸುಳಿಗಳು ಅದನ್ನು ಹಾಯುವಾಗ ಅಬ್ಬರ ಇಮ್ಮಡಿಸುತ್ತದೆ.

ಈ ತರಂಗ ಮೇಲ್ಮೈಗೆ ಅಂಟಿದ ತೆಳುಗಾಳಿಯ ಪದರಕ್ಕೆ ತಾಗಿದಾಗ ಏನಾಗುತ್ತದೆ? ಲೀಪ್‌ಮನ್ ಮತ್ತು ರೋಷ್ಕೊ ಅವರೊಂದಿಗೆ ಧವನ್ ಉತ್ತರ ಹುಡುಕಿದರು. ಪದರ ಪ್ರಶಾಂತವಾಗಿದ್ದರೆ ತರಂಗದ ಪ್ರಭಾವ ಹಿಂದಕ್ಕೆ ಬಹುದೂರ ಹರಡುತ್ತದೆ, ಪ್ರಕ್ಷುಬ್ಧವಾಗಿದ್ದರೆ ಅಲ್ಲಲ್ಲೇ ಅಡಗುತ್ತದೆ ಎಂಬುದು ಅವರು ಕಂಡ ಸಂಗತಿ.

1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಧವನ್, ಅಲ್ಲಿ ದೇಶದ ಮೊದಲ ಶಬ್ದಾತೀತ ಗಾಳಿಸುರಂಗವನ್ನು ಕಟ್ಟಿಸಿದರು. ಅದರ ಅಳತೆ ಕೆಲವೇ ಅಂಗುಲ. 1972ರಲ್ಲಿ ಇಸ್ರೊ ಅಧ್ಯಕ್ಷರಾಗುವಾಗಲೂ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆ ಬಿಡಲು ಅವರು ಒಪ್ಪಲಿಲ್ಲ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿದ್ದಾಗ ಪತ್ರಕರ್ತರನ್ನು ಎದುರಿಸಿದ್ದು ಸ್ವತಃ ಧವನ್. ಮರುವರ್ಷ ಜುಲೈ 18ರಂದು ಯಶಸ್ಸು ಬಂದಾಗ ಮುಂದೆ ಕಳುಹಿಸಿದ್ದು ಅಬ್ದುಲ್ ಕಲಾಂ ಅವರನ್ನು.

ಪುಲಿಕಾಟ್ ಸರೋವರದ ಹಕ್ಕಿಗಳನ್ನು ಗಮನಿಸುವುದು ಅವರ ಇನ್ನೊಂದು ಆಸಕ್ತಿ. ಹಕ್ಕಿಗಳ ಹಾರಾಟದ ಬಗ್ಗೆಯೇ ಒಂದು ಪುಸ್ತಕ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಸರೋವರದ ಪಕ್ಕದ ಶ್ರೀಹರಿಕೋಟಾ ಉಡಾವಣಾ ಕೇಂದ್ರಕ್ಕೆ ಅದೇ ವರ್ಷ ಅವರ ಹೆಸರಿಡಲಾಯಿತು.