ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿ

ಒಂದು ಮರವನ್ನು ಹಲವರು ಹಲವು ಬಗೆಯಾಗಿ ಕಾಣುತ್ತಾರೆ. ದಾರಿಗನಿಗೆ ಅದು ನೆರಳು. ಬಡಗಿಗೆ ಅದು ತೊಲೆ, ಹಲಗೆ. ಕವಿಗೆ ಅದು ಚೆಲುವಿನ ಆಗರ. ಅದೇ ಮರದ ಒಂದು ಚಿಕ್ಕ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣ್ಣಿಗೆ ಕಾಣದ ಅದರ ಕೋಶಗಳಲ್ಲಿ ಸಸ್ಯಕುಲದ ಪ್ರಾಚೀನ ಚರಿತ್ರೆಯನ್ನು ಓದಿದವರು ಕನ್ನಡನಾಡಿನ ಬಿ. ಜಿ. ಎಲ್. ಸ್ವಾಮಿಯವರು.

ಎಲ್ಲ ಜೀವಿಗಳ ದೇಹವೂ ಜೀವಕೋಶಗಳಿಂದ ಆದುದು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಸೀಳೊಂದರಲ್ಲಿ ಜೇನುಗೂಡಿನಂತಹ ಕೋಣೆಗಳನ್ನು ಕಂಡನು. 1838ರಲ್ಲಿ ಷ್ಲೈಡನ್ ಸಸ್ಯಗಳ ವಿಷಯದಲ್ಲಿಯೂ 1839ರಲ್ಲಿ ಷ್ವಾನ್ ಪ್ರಾಣಿಗಳ ವಿಷಯದಲ್ಲಿಯೂ ಕೋಶವೇ ದೇಹದ ಮೂಲ ಘಟಕವೆಂದು ಪ್ರತಿಪಾದಿಸಿದರು. ಅಂದಿನಿಂದ ಕೋಶದ ರಚನೆ ಹೇಗೆ, ಅದರ ಕಾರ್ಯವೇನು ಎಂಬ ಪ್ರಶ್ನೆಗಳು ವಿಜ್ಞಾನಿಗಳ ಮುಂದೆ ನಿಂತವು. ಈ ಪ್ರಶ್ನೆಗಳಿಗಾಗಿ ಬಾಳನ್ನು ಸವೆಸಿದ ಭಾರತೀಯರಲ್ಲಿ ಸ್ವಾಮಿಯವರು ಗಣ್ಯರು.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು 1918ರಲ್ಲಿ ಜನಿಸಿದರು. ತಂದೆ ಕನ್ನಡದ ಹಿರಿಯ ಸಾಹಿತಿ ಡಿ. ವಿ. ಗುಂಡಪ್ಪನವರು, ತಾಯಿ ಭಾಗೀರಥಮ್ಮನವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಸ್ವಾಮಿಯವರು ತಂದೆಯ ಆಶ್ರಯದಲ್ಲಿ, ಪುಸ್ತಕಗಳ ನಡುವೆ ಬೆಳೆದರು. ತಂದೆಯ ಒಲವು ಸಾಹಿತ್ಯ ಮತ್ತು ತತ್ತ್ವವಿಚಾರಗಳ ಕಡೆಗಿದ್ದರೆ ಮಗನ ಮನಸ್ಸು ಗಿಡಮರಗಳ ಕಡೆಗೆ ತಿರುಗಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದರು.

ಅವರು ಮೊದಲಿಗೆ ಆರಿಸಿಕೊಂಡ ಕ್ಷೇತ್ರ ಸಸ್ಯಭ್ರೂಣಶಾಸ್ತ್ರ. ಹೂವಿನ ಅಂಡಾಶಯದೊಳಗೆ ಒಂದೇ ಒಂದು ಕೋಶ ಹೇಗೆ ವಿಭಜನೆಗೊಂಡು ಬೀಜದೊಳಗಿನ ಎಳೆಯ ಸಸಿಯಾಗುತ್ತದೆ ಎಂಬುದನ್ನು ಅರಿಯುವ ಶಾಸ್ತ್ರವಿದು. ಈ ಕೆಲಸಕ್ಕೆ ಅಪಾರವಾದ ತಾಳ್ಮೆ ಬೇಕು. ಮೊಗ್ಗನ್ನು ತಕ್ಕ ಹೊತ್ತಿನಲ್ಲಿ ಕಿತ್ತು ದ್ರಾವಣದಲ್ಲಿರಿಸಿ, ಅದರ ನೀರಿನಂಶವನ್ನು ಮದ್ಯಸಾರದಿಂದ ತೆಗೆದು, ಮೇಣದಲ್ಲಿ ಹುದುಗಿಸಬೇಕು. ಆ ಮೇಣದ ಗಟ್ಟಿಯನ್ನು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಸೀಳಬೇಕು. ಸೀಳುಗಳ ಸಾಲನ್ನು ಕೆಡದಂತೆ ಗಾಜಿನ ಮೇಲೆ ಹರಡಿ ಬಣ್ಣ ಕಟ್ಟಬೇಕು. ನಡುವೆ ಒಂದು ಸೀಳು ಕಳೆದುಹೋದರೂ ಕಥೆಯ ಒಂದು ಪುಟವೇ ಹರಿದುಹೋದಂತೆ.

ಸ್ವಾಮಿಯವರು ಸೀತಾಳೆ ಹೂವಿನ ಬಳಗವಾದ ಆರ್ಕಿಡ್ ಸಸ್ಯಗಳನ್ನು ಹೀಗೆ ಅಭ್ಯಾಸ ಮಾಡಿದರು. ಆರ್ಕಿಡ್‌ಗಳ ಬೀಜ ಧೂಳಿನ ಕಣದಂತಹುದು. ರಾಗಿ, ಭತ್ತಗಳ ಬೀಜದಲ್ಲಿರುವಂತೆ ಎಳೆಯ ಸಸಿಗೆ ಬೇಕಾದ ಆಹಾರದ ಬುತ್ತಿ ಅದರಲ್ಲಿಲ್ಲ. ನಿಸರ್ಗದಲ್ಲಿ ಒಂದು ಬಗೆಯ ಶಿಲೀಂಧ್ರದ ನೆರವಿಲ್ಲದೆ ಅದು ಮೊಳೆಯಲಾರದು. ಇಂತಹ ಬೀಜದೊಳಗೆ ಭ್ರೂಣದ ಕೋಶಗಳು ಜೋಡಣೆಗೊಳ್ಳುವ ಕ್ರಮ ಆರ್ಕಿಡ್‌ಗಳಲ್ಲಿ ಬಗೆಬಗೆಯಾಗಿರುವುದನ್ನು ಸ್ವಾಮಿಯವರು ತಮ್ಮ ಲೇಖನಗಳಲ್ಲಿ ವಿವರಿಸಿದರು. ವಿದೇಶದ ವಿದ್ವಾಂಸರ ಗಮನವೂ ಆ ಲೇಖನಗಳ ಕಡೆಗೆ ಹರಿಯಿತು.

ಸುಮಾರು 1940ರ ದಶಕದ ಕೊನೆಯಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಇರ್ವಿಂಗ್ ಬೈಲಿ. ಹೂಬಿಡುವ ಸಸ್ಯಗಳು ಭೂಮಿಯ ಮೇಲೆ ಹೇಗೆ ಉದಿಸಿದವು ಎಂಬುದು ಬೈಲಿಯವರನ್ನು ಕಾಡುತ್ತಿದ್ದ ಪ್ರಶ್ನೆ. ಇದಕ್ಕೆ ಉತ್ತರವನ್ನು ಅವರು ಮರದ ಕೋಶಗಳಲ್ಲಿ ಹುಡುಕುತ್ತಿದ್ದರು.

ಬೇರು ಹೀರಿದ ನೀರು ಎಲೆಗೆ ಏರುವುದು ಮರದ ದಾರುಕೋಶಗಳ ಮೂಲಕ. ಈ ಕೋಶಗಳ ಬಾಳು ವಿಚಿತ್ರವಾದುದು. ಅವು ಜೀವಂತವಾಗಿದ್ದಾಗ ತಮ್ಮ ಗೋಡೆಯನ್ನು ದಪ್ಪವಾಗಿಸಿ ಬಲಪಡಿಸಿಕೊಳ್ಳುತ್ತವೆ. ಸತ್ತು ಬರಿದಾದ ಮೇಲೆ ನೀರನ್ನು ಸಾಗಿಸುತ್ತವೆ. ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಟ್ರೇಕೀಡು. ಇದರ ಎರಡು ತುದಿಗಳೂ ಮುಚ್ಚಿರುತ್ತವೆ; ನೀರು ಗೋಡೆಯ ಕುಳಿಗಳಲ್ಲಿನ ತೆಳುವಾದ ಪೊರೆಯ ಮೂಲಕ ಕೋಶದಿಂದ ಕೋಶಕ್ಕೆ ದಾಟಬೇಕು. ಎರಡನೆಯದು ನಾಳಕೋಶ. ಇದರ ತುದಿಗೋಡೆಗಳು ತೂತಾಗಿರುವುದರಿಂದ ಕೋಶಗಳ ಸಾಲು ಒಂದೇ ಕೊಳವೆಯಾಗುತ್ತದೆ. ಗಿಣ್ಣುಗಳನ್ನು ಕೊರೆದ ಬಿದಿರಿನ ಗಳುವಿನಲ್ಲಿ ನೀರು ಸಲೀಸಾಗಿ ಹರಿಯುವಂತೆ ಈ ಕೊಳವೆಯಲ್ಲಿ ನೀರು ಹರಿಯುತ್ತದೆ. ಹೂಬಿಡುವ ಸಸ್ಯಗಳಲ್ಲಿ ಬಹುಪಾಲಿಗೆ ನಾಳಗಳಿವೆ. ಪೈನ್ ಮೊದಲಾದ ಮರಗಳಿಗೆ ಇಲ್ಲ. ಆದುದರಿಂದ ನಾಳವಿಲ್ಲದ ಹೂಗಿಡವೊಂದು ದೊರೆತರೆ ಅದು ಪ್ರಾಚೀನ ರೂಪವನ್ನು ಉಳಿಸಿಕೊಂಡಿರಬಹುದೆಂದು ವಿಜ್ಞಾನಿಗಳು ಭಾವಿಸಿದ್ದರು. ಅಂತಹ ಗಿಡಗಳು ಬಹು ವಿರಳ.

ದಕ್ಷಿಣ ಭಾರತದ ಬೆಟ್ಟದ ಕಾಡುಗಳಲ್ಲಿಯೂ ಪೂರ್ವ ಏಷ್ಯದಲ್ಲಿಯೂ ಮರಗಳ ನೆರಳಿನಲ್ಲಿ ಬೆಳೆಯುವ ಸಾರ್ಕಾಂಡ್ರ ಎಂಬ ಪೊದೆಯನ್ನು ಸ್ವಾಮಿಯವರು ಪರೀಕ್ಷಿಸಿದರು. ಅದರ ಕಾಂಡದ ಸೀಳುಗಳಲ್ಲಿ ಎಲ್ಲಿಯೂ ನಾಳ ಕಾಣಲಿಲ್ಲ. ಅದರ ಹತ್ತಿರದ ಬಂಧುವಾದ ಕ್ಲೋರಾಂಥಸ್ ಗಿಡದಲ್ಲಾದರೋ ನಾಳಗಳಿದ್ದವು. 1950ರಲ್ಲಿ ಸ್ವಾಮಿ ಮತ್ತು ಬೈಲಿ ಈ ಸಂಗತಿಯನ್ನು ಪ್ರಕಟಿಸಿದಾಗ ಸಸ್ಯವಿಜ್ಞಾನಿಗಳ ಲೋಕ ಕುತೂಹಲಗೊಂಡಿತು. ಸ್ವಾಮಿಯವರು ತಾವು ವರ್ಣಿಸಿದ ಒಂದು ಸಾರ್ಕಾಂಡ್ರಕ್ಕೆ ಗುರು ಬೈಲಿಯವರ ಹೆಸರನ್ನೂ ಮತ್ತೊಂದು ಸಸ್ಯಕ್ಕೆ ಭಾರತದ ಹಿರಿಯ ಭ್ರೂಣಶಾಸ್ತ್ರಜ್ಞ ಪಂಚಾನನ ಮಾಹೇಶ್ವರಿಯವರ ಹೆಸರನ್ನೂ ಇಟ್ಟು ತಮ್ಮ ಗೌರವವನ್ನು ಸಲ್ಲಿಸಿದರು.

ತಾಯ್ನಾಡಿಗೆ ಮರಳಿದ ಸ್ವಾಮಿಯವರು 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮುಂದೆ ಅದೇ ಕಾಲೇಜಿನ ಪ್ರಿನ್ಸಿಪಾಲರೂ ಆದರು. ಪಾಠ ಹೇಳುವುದು ತರಗತಿಯ ಕೋಣೆಯೊಳಗೆ ಮುಗಿಯುವ ಕೆಲಸವೆಂದು ಅವರು ತಿಳಿಯಲಿಲ್ಲ. ವಿದ್ಯಾರ್ಥಿಗಳನ್ನು ಕಾಡುಮೇಡುಗಳಿಗೆ ಕರೆದೊಯ್ದು ಗಿಡಗಳ ಮುಂದೆಯೇ ನಿಲ್ಲಿಸಿ ಕಲಿಸಿದರು. ಆ ಸಂಚಾರಗಳ ಅನುಭವವೇ ಅವರ 'ಹಸುರು ಹೊನ್ನು' ಗ್ರಂಥಕ್ಕೆ ವಸ್ತುವಾಯಿತು. ಶಾಸ್ತ್ರ, ಹಾಸ್ಯ, ಕಾವ್ಯಾಭಿರುಚಿ ಮೂರೂ ಬೆರೆತ ಈ ಕೃತಿಗೆ ಚಿತ್ರಗಳನ್ನೂ ಅವರೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ, ನೆಲಗಡಲೆಗಳು ಕಡಲಾಚೆಯಿಂದ ಬಂದ ಕಥೆಯನ್ನು ಅವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕದಲ್ಲಿ ಹೇಳಿದರು. ವಿದ್ವಾಂಸರಿಗಾಗಿ ಇಂಗ್ಲಿಷಿನಲ್ಲಿ ಬರೆದ ಕೈಯೇ ಕನ್ನಡದ ಸಾಮಾನ್ಯ ಓದುಗನಿಗಾಗಿಯೂ ಅಷ್ಟೇ ಶ್ರದ್ಧೆಯಿಂದ ಬರೆಯಿತು.

ನಿವೃತ್ತಿಯ ಬಳಿಕ ಮೈಸೂರಿನಲ್ಲಿ ನೆಲೆಸಿದ ಸ್ವಾಮಿಯವರು 1980ರಲ್ಲಿ ನಿಧನರಾದರು. ಏಳು ವರ್ಷಗಳ ತರುವಾಯ, 1987ರಲ್ಲಿ, ಅಮೆರಿಕದ ಷೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಸಾರ್ಕಾಂಡ್ರದ ಬೇರಿನಲ್ಲಿ ನಾಳಕೋಶಗಳಿರುವುದನ್ನು ತೋರಿಸಿದರು. ಬಳಿಕ ಕಾಂಡದಲ್ಲಿಯೂ ಅವು ಇರುವುದು ತಿಳಿದುಬಂದಿತು. ಟ್ರೇಕೀಡನ್ನು ಬಹುಮಟ್ಟಿಗೆ ಹೋಲುವುದರಿಂದ ಅವುಗಳನ್ನು ಗುರುತಿಸುವುದು ಸುಲಭವಾಗಿರಲಿಲ್ಲ. ಹೀಗೆ ಸ್ವಾಮಿಯವರ ಪ್ರಸಿದ್ಧ ನಿರ್ಣಯವೊಂದು ತಿದ್ದುಪಡಿಗೆ ಒಳಗಾಯಿತು. ಇದರಿಂದ ಅವರ ಹಿರಿಮೆಗೆ ಕುಂದು ಬರಲಿಲ್ಲ. ತಾವು ಕಂಡುದನ್ನು ಕಂಡಂತೆ, ಮತ್ತೊಬ್ಬರು ಪರೀಕ್ಷಿಸಿ ನೋಡಬಹುದಾದಷ್ಟು ಸ್ಪಷ್ಟವಾಗಿ ಅವರು ಬರೆದಿಟ್ಟಿದ್ದರು. ಆದುದರಿಂದಲೇ ಮುಂದಿನವರು ಅಲ್ಲಿಂದ ಮುಂದಕ್ಕೆ ಹೆಜ್ಜೆಯಿಡುವುದು ಸಾಧ್ಯವಾಯಿತು. ದಾರುಕೋಶ ತಾನು ಅಳಿದ ಮೇಲೂ ಮರಕ್ಕೆ ನೀರನ್ನು ಒದಗಿಸುತ್ತದೆ. ಸ್ವಾಮಿಯವರ ಬರಹಗಳೂ ಅಂತೆಯೇ ಇಂದಿಗೂ ಕನ್ನಡಿಗರ ಅರಿವನ್ನು ಪೋಷಿಸುತ್ತಿವೆ.