ಚುಕ್ಕಿ ಮಾಸ್ತರ ಗಿಲ್ಬರ್ಟ್ ಲೂಯಿಸ್



ಸಮಡೋಳಿ, ಸಾಂಗಲಿ, ಮಿರಜ ಕಡೆ ಮರಾಠಿ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು 'ಸಹಸಂಯುಜ ಬಂಧ' ಎನ್ನುತ್ತಾರೆ. ಗಡಿಯಾಚೆ ಕನ್ನಡ ಶಾಲೆಯವರು 'ಸಹವೇಲೆನ್ಸೀಯ ಬಂಧ' ಎನ್ನುತ್ತಾರೆ. ಆದರೆ ವಹಿಯಲ್ಲಿ ಇಬ್ಬರೂ ಇಡುವ ಎಲೆಕ್ಟ್ರಾನ್ ಚುಕ್ಕಿಗಳು ಒಂದೇ. ಆ ಚುಕ್ಕಿಗಳನ್ನು ಕೊಟ್ಟ ಗಿಲ್ಬರ್ಟ್ ನ್ಯೂಟನ್ ಲೂಯಿಸ್ ಅವರ ಪರಿಚಯ ಈ ಸಲ ಮಾಡಿಕೊಡುತ್ತಿದ್ದೇವೆ.

ಲೂಯಿಸ್ ಹುಟ್ಟಿದ್ದು 1875ರ ಅಕ್ಟೋಬರ್ 23ರಂದು, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ತಂದೆ ವಕೀಲರು. ಬಾಲ್ಯದ ಓದು ಹೆಚ್ಚಾಗಿ ಮನೆಯಲ್ಲೇ ಆಯಿತು. 1899ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. 1902ರಲ್ಲಿ, ವಿದ್ಯಾರ್ಥಿಗಳಿಗೆ ತಿಳಿಯಲೆಂದು ಪರಮಾಣುವನ್ನು ಪೆಟ್ಟಿಗೆಯಂತೆ ಬರೆದು, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನ್ ಇಟ್ಟು ತೋರಿಸಿದರು. ಆ ಯೋಚನೆ ಮಾಗಿ ಅಚ್ಚಾಗಲು 1916 ಬಂತು. ಆಗ ಅವರು ಬರ್ಕ್ಲಿಯಲ್ಲಿ ಪ್ರಾಧ್ಯಾಪಕರು. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಂಡರೆ ಅದೇ ಬಂಧ ಎಂದು ಅವರು ಹೇಳಿದರು.

ಅಮೋನಿಯಂ ಅಂಥ ಗುಂಪುಗಳು ಅಲ್ಲಿಯವರೆಗೆ ಒಗಟಾಗಿದ್ದವು. ಲೂಯಿಸ್ ಪ್ರಕಾರ ಅಮೋನಿಯಾದ ಬಳಿ ಬಳಸದೆ ಉಳಿದ ಒಂದು ಜೋಡಿ ಚುಕ್ಕಿ ಇರುತ್ತದೆ. ಬರಿಗೈಲಿ ಬಂದ ಹೈಡ್ರೋಜನ್ ಅದರಲ್ಲಿ ಪಾಲುದಾರ ಆಗುತ್ತದೆ. ಬಂದ ವಿದ್ಯುದಂಶ ಇಡೀ ಗುಂಪಿಗೆ ಸೇರಿದ್ದು.

ಜಮಾ-ಖರ್ಚು ಬರೆದು ನಿವೃತ್ತರಾದ ನಮಗೆ ಈ ಲೆಕ್ಕ ಹಿಡಿಸಿತು. ಮೊದಲು ಎಲ್ಲ ಪರಮಾಣುಗಳ ಹೊರಕವಚದ ಎಲೆಕ್ಟ್ರಾನ್ ಕೂಡಿಸಬೇಕು. ಗುಂಪಿಗೆ ಋಣ ಇದ್ದರೆ ಅಷ್ಟು ಸೇರಿಸಬೇಕು, ಧನ ಇದ್ದರೆ ಅಷ್ಟು ಕಳೆಯಬೇಕು. ಮಕ್ಕಳು ತಪ್ಪುವುದು ಇಲ್ಲೇ, ಏಕೆಂದರೆ ಎಲೆಕ್ಟ್ರಾನ್ ತಾನೇ ಋಣ. ಕಬ್ಬಿಗೆ ಹಾಕುವ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನೇ ನೋಡಿ. ಅಮೋನಿಯಂನಲ್ಲಿ ನೈಟ್ರೋಜನ್ನಿನ 5, ನಾಲ್ಕು ಹೈಡ್ರೋಜನ್ನಿನ 4, ಒಟ್ಟು 9. ಒಂದು ಧನಕ್ಕೆ 1 ಕಳೆದರೆ 8, ಅಂದರೆ ನಾಲ್ಕು ಜೋಡಿ. ಸಲ್ಫೇಟ್‌ನಲ್ಲಿ ಗಂಧಕದ 6, ನಾಲ್ಕು ಆಕ್ಸಿಜನ್ನಿನ 24. ಎರಡು ಋಣಕ್ಕೆ 2 ಸೇರಿಸಿದರೆ 32. ಚುಕ್ಕಿ ಇಟ್ಟ ಮೇಲೆ ಸುತ್ತ ಚೌಕ ಕಂಸ ಹಾಕಿ, ಹೊರಗೆ ಮೇಲ್ಗಡೆ ಚಿಹ್ನೆ ಬರೆಯಬೇಕು. ಎಣಿಕೆ ತಪ್ಪಿದರೆ ಚುಕ್ಕಿ ರಂಗೋಲಿಯಂತೆ ಚಿತ್ರ ಕೂಡುವುದಿಲ್ಲ.

ಈ ವಿಚಾರವನ್ನು ಊರೂರಿಗೆ ಹೇಳಿ ಪ್ರಚಾರ ಮಾಡಿದವರು ಲ್ಯಾಂಗ್‌ಮ್ಯೂರ್. ಹೆಸರಿನ ದೊಡ್ಡ ಪಾಲು ಅವರಿಗೆ ಹೋಯಿತು. ಅವರಿಗೆ 1932ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಬಂತು. ಲೂಯಿಸ್ ಹೆಸರು 30ಕ್ಕೂ ಹೆಚ್ಚು ಸಲ ಸೂಚಿತವಾದರೂ ಬಹುಮಾನ ಬರಲೇ ಇಲ್ಲ. ಆದರೆ ಅವರು ಕಟ್ಟಿದ ವಿಭಾಗದಲ್ಲಿ ಕಲಿತ ಯೂರೇ, ಜಿಯಾಕ್, ಸೀಬೋರ್ಗ್, ಲಿಬ್ಬಿ ನಾಲ್ವರೂ ನೊಬೆಲ್ ಪಡೆದರು. 1946ರ ಮಾರ್ಚ್ 23ರಂದು, 70ನೆಯ ವಯಸ್ಸಿನಲ್ಲಿ, ಪ್ರಯೋಗಶಾಲೆಯಲ್ಲೇ ಅವರು ತೀರಿಕೊಂಡರು.

ಪದಕ ಸಿಗದವರ ಕೆಲಸ ಇಂದು ಪ್ರತಿ ಮಗುವಿನ ವಹಿಯಲ್ಲಿದೆ. ಇದಕ್ಕಿಂತ ದೊಡ್ಡ ಮಾನ ಯಾವುದು? ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ಇದನ್ನು ಓದಿ ಹೇಳಿ, ನೈಟ್ರೇಟ್‌ನ ಚುಕ್ಕಿ ಎಣಿಸಲು ಕೊಡಿ. ಉತ್ತರ 24 ಬರಬೇಕು.

— ಕಾರ್ಯದರ್ಶಿ